ಮುದ್ರಿತ ಪತ್ರಿಕೆಯ ಲೆಕ್ಕ ತಪ್ಪಿದ್ದು ಎಲ್ಲಿ?

ಫೋನು ಬಂತು, ಪತ್ರಿಕೆ ಹೋಯಿತು ಎಂದುಬಿಡುವುದು ಸುಲಭ. ಇಸವಿಗಳು ಮಾತ್ರ ಅದಕ್ಕೆ ಹೊಂದುವುದಿಲ್ಲ. ಅಮೆರಿಕದ ಅಂಕಿಗಳನ್ನೇ ತೆಗೆದುಕೊಳ್ಳಿ. ಅಲ್ಲಿನ ದಿನಪತ್ರಿಕೆಗಳ ಒಟ್ಟು ಪ್ರಸಾರ ಅತಿ ಹೆಚ್ಚಿದ್ದದ್ದು 1984ರ ಸುಮಾರಿನಲ್ಲಿ, ದಿನಕ್ಕೆ 6.3 ಕೋಟಿ ಪ್ರತಿ. ಆಮೇಲೆ ಅದು ಇಳಿಯುತ್ತಲೇ ಬಂತು. ಆದರೆ ಜಾಹೀರಾತಿನ ಆದಾಯ, ನಡುವೆ ಒಂದೆರಡು ಸಲ ತಗ್ಗಿದರೂ, ಏರುತ್ತ ಹೋಗಿ 2005ರಲ್ಲಿ ಸುಮಾರು 4,900 ಕೋಟಿ ಡಾಲರ್ ಮುಟ್ಟಿತು. ಮೊದಲ ಐಫೋನ್ ಮಾರುಕಟ್ಟೆಗೆ ಬಂದದ್ದು 2007ರಲ್ಲಿ. ಅಂದರೆ ಓದುಗರು ಕರಗುತ್ತಿದ್ದ 20 ವರ್ಷವೂ ಪತ್ರಿಕೆಗಳು ದುಡ್ಡು ಮಾಡಿಕೊಂಡವು. 2020ರ ಹೊತ್ತಿಗೆ ಆ 4,900 ಕೋಟಿ ಡಾಲರ್ 1,000 ಕೋಟಿಗಿಂತ ಕೆಳಗಿಳಿದಿತ್ತು.

ಹಾಗಾದರೆ ಓದುವ ಅಭ್ಯಾಸಕ್ಕಿಂತ ಮೊದಲೇ ಬೇರೇನೋ ಮುರಿದಿತ್ತು. ಅದು ಪತ್ರಿಕೆಯ ಆದಾಯ–ಖರ್ಚಿನ ಹೊಂದಾಣಿಕೆ. ಪ್ರತಿ ಕಡಿಮೆಯಾದರೂ ಕಡಿಮೆಯಾಗದ ಖರ್ಚು ಒಂದು ಬದಿಗಿತ್ತು. ಆ ಖರ್ಚನ್ನು ಓದುಗನ ಪರವಾಗಿ ಕಟ್ಟುತ್ತಿದ್ದ ಜಾಹೀರಾತುದಾರ ಇನ್ನೊಂದು ಬದಿಗಿದ್ದ. ಆತ ಎದ್ದು ಹೋದ, ಖರ್ಚು ಅಲ್ಲೇ ಉಳಿಯಿತು.

ಒಂದು ಪ್ರತಿಗೆ ಏನೇನು ಬೇಕು

ಪತ್ರಿಕೆಯೆಂದರೆ ಮೊದಲಿಗೆ ಕಾಗದ. ನ್ಯೂಸ್‌ಪ್ರಿಂಟ್ ಸಾಮಾನ್ಯವಾಗಿ ಚದರ ಮೀಟರಿಗೆ 42ರಿಂದ 49 ಗ್ರಾಂ ತೂಗುತ್ತದೆ. 45 ಗ್ರಾಂ ಎಂದಿಟ್ಟುಕೊಳ್ಳೋಣ. ದೊಡ್ಡ ಅಳತೆಯ ಪತ್ರಿಕೆಯ ಪುಟ ಸುಮಾರು 33 ಸೆಂ.ಮೀ. ಅಗಲ, 54 ಸೆಂ.ಮೀ. ಉದ್ದ. 16 ಪುಟವೆಂದರೆ ಎರಡೂ ಬದಿ ಅಚ್ಚಾದ 8 ಹಾಳೆ, ಒಟ್ಟು 1.43 ಚದರ ಮೀಟರ್ ಕಾಗದ. ಅಲ್ಲಿಗೆ ಒಂದು ಪ್ರತಿಯ ತೂಕ 64 ಗ್ರಾಂ. ಲಕ್ಷ ಪ್ರತಿಗೆ 6.4 ಟನ್. ಹರಿದದ್ದು, ಬಣ್ಣ ಕೂಡದ್ದು, ರೀಲಿನ ಬುಡದಲ್ಲಿ ಉಳಿದದ್ದು ಎಲ್ಲ ಸೇರಿದರೆ ದಿನಕ್ಕೆ 6.7 ಟನ್, ತಿಂಗಳಿಗೆ 200 ಟನ್ ಆಗುತ್ತದೆ.

ಕಾಗದದ ಖರ್ಚಿಗೆ ಒಂದು ಒಳ್ಳೆಯ ಗುಣವಿದೆ: ಪ್ರತಿ ಅರ್ಧವಾದರೆ ಅದೂ ಅರ್ಧವಾಗುತ್ತದೆ. ಮಿಕ್ಕ ಖರ್ಚುಗಳಿಗೆ ಈ ಗುಣವಿಲ್ಲ.

ರೀಲಿನ ಕಾಗದದ ಮೇಲೆ ಅಚ್ಚು ಹಾಕುವ ವೆಬ್ ಆಫ್‌ಸೆಟ್ ಯಂತ್ರದಲ್ಲಿ ಬಣ್ಣದ ಪುಟವೊಂದಕ್ಕೆ ನಾಲ್ಕು ಅಲ್ಯೂಮಿನಿಯಂ ಪ್ಲೇಟ್ ಬೇಕು: ನೀಲಿ, ಕೆನ್ನೇರಳೆ, ಹಳದಿ, ಕಪ್ಪು. 16 ಪುಟವೂ ಬಣ್ಣದ್ದಾದರೆ 64 ಪ್ಲೇಟ್. ಊರೂರಿಗೆ ಬೇರೆ ಆವೃತ್ತಿಯಿದ್ದು, ಪ್ರತಿ ಆವೃತ್ತಿಗೂ ನಾಲ್ಕು ಪುಟ ಬದಲಾಗುವುದಾದರೆ ಒಂದೊಂದಕ್ಕೂ ಇನ್ನೂ 16 ಪ್ಲೇಟ್. ಮರುದಿನ ಇವೆಲ್ಲ ಗುಜರಿಗೆ. ಒಂದು ಲಕ್ಷ ಪ್ರತಿ ಅಚ್ಚಾಗಲಿ, 20 ಸಾವಿರವೇ ಅಚ್ಚಾಗಲಿ, ಪ್ಲೇಟಿನ ಎಣಿಕೆಯಲ್ಲಿ ಒಂದೂ ಕಡಿಮೆಯಾಗುವುದಿಲ್ಲ.

ಯಂತ್ರ ಶುರುವಾದ ತಕ್ಷಣ ಮಾರಬಹುದಾದ ಪ್ರತಿ ಹೊರಬರುವುದಿಲ್ಲ. ಪ್ಲೇಟಿನ ಮೇಲೆ ಶಾಯಿ ಮತ್ತು ನೀರಿನ ಪ್ರಮಾಣ ಹದಕ್ಕೆ ಬರಬೇಕು, ನಾಲ್ಕು ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಅಲ್ಲಿಯವರೆಗೆ ಬಂದದ್ದೆಲ್ಲ ರದ್ದಿ. ಹಾಗೆ 1,500 ಪ್ರತಿ ಹೋಗುತ್ತದೆ ಎಂದುಕೊಂಡರೆ, ಲಕ್ಷ ಪ್ರತಿಯ ಪತ್ರಿಕೆಗೆ ಅದು ಶೇ 1.5ರ ನಷ್ಟ. 20 ಸಾವಿರದ ಪತ್ರಿಕೆಗೆ ಶೇ 7.5. ದೊಡ್ಡ ಯಂತ್ರಗಳು ಗಂಟೆಗೆ 70 ಸಾವಿರಕ್ಕೂ ಹೆಚ್ಚು ಪ್ರತಿ ಉಗುಳಬಲ್ಲವು. ಅಂಥದ್ದರಲ್ಲಿ 20 ಸಾವಿರ ಪ್ರತಿ 20 ನಿಮಿಷದೊಳಗೆ ಮುಗಿದುಹೋಗುತ್ತದೆ. ಸಿಬ್ಬಂದಿಗೆ ಕೊಡಬೇಕಾದದ್ದು ಮಾತ್ರ ಇಡೀ ಪಾಳಿಯ ಸಂಬಳ. ಸಾಲ ತೆಗೆದು ಕೊಂಡ ಯಂತ್ರವಾದರೆ ಅದರ ಕಂತು ಬೇರೆ.

ಸಾಗಣೆಯ ಕಥೆ ಇನ್ನೂ ಕಠಿಣ. 40 ಕಡೆ ಕಟ್ಟು ಇಳಿಸುತ್ತ 120 ಕಿ.ಮೀ. ಓಡುವ ವ್ಯಾನು, ಕಟ್ಟುಗಳು ತೆಳ್ಳಗಾದವೆಂದು 60 ಕಿ.ಮೀ.ಗೆ ನಿಲ್ಲುವುದಿಲ್ಲ. 100 ಮನೆಗಳ ಬೀದಿಯಲ್ಲಿ 60 ಮನೆಗೆ ಪತ್ರಿಕೆ ಹಾಕುತ್ತಿದ್ದ ಹುಡುಗ ಈಗ 20 ಮನೆಗೆ ಹಾಕಿದರೂ ತುಳಿಯುವ ದಾರಿ ಅಷ್ಟೇ. ಪ್ರತಿ ಮನೆಯ ಲೆಕ್ಕದಲ್ಲಿ ಅವನ ದುಡಿಮೆಯ ಖರ್ಚು ಮೂರು ಪಟ್ಟಾಯಿತು. ಅಥವಾ ಅವನ ಕೈಗೆ ಬರುವ ದುಡ್ಡು ಮೂರನೇ ಒಂದು ಪಾಲಿಗಿಳಿದು ಅವನೇ ಕೆಲಸ ಬಿಟ್ಟ. ಎರಡನೆಯದೇ ಹೆಚ್ಚು. ಹುಡುಗ ಸಿಗದೆ ಪತ್ರಿಕೆ ತಡವಾಗುತ್ತದೆ, ತಡವಾದ ಪತ್ರಿಕೆಯನ್ನು ಮನೆಯವರು ನಿಲ್ಲಿಸುತ್ತಾರೆ. ಪ್ರಸರಣ ವಿಭಾಗದ ವಹಿಯಲ್ಲಿ ಇದು ‘ಓದುಗ ಹೋದ’ ಎಂದು ದಾಖಲಾಗುತ್ತದೆ. ಹೋದದ್ದು ನಿಜಕ್ಕೂ ಹುಡುಗ.

ಅಂಗಡಿಯ ಮಾರಾಟದಲ್ಲಿ ವಾಪಸಾಗುವ ಪ್ರತಿಗಳ ಕಾಟ. ದಿನಕ್ಕೆ 10 ಮಾರಾಟವಾಗುವ ಅಂಗಡಿಗೆ 12 ಕೊಡಬೇಕು, ಇಲ್ಲವಾದರೆ ಹನ್ನೊಂದನೆಯವನು ಬರಿಗೈಲಿ ಹೋಗುತ್ತಾನೆ. ಇಲ್ಲಿ ಉಳಿಯುವುದು ಶೇ 17. ಮಾರಾಟ ಎರಡಕ್ಕಿಳಿದ ಅಂಗಡಿಗೂ ಕನಿಷ್ಠ ಮೂರು ಇಡಲೇಬೇಕು. ಉಳಿಯುವುದು ಶೇ 33. ಮಾರಾಟ ಕುಸಿದಷ್ಟೂ ವ್ಯರ್ಥದ ಪಾಲು ಏರುವುದು ಹೀಗೆ.

ಇನ್ನು ಸುದ್ದಿಮನೆ. ನಗರಸಭೆಯ ಸಭೆಗೆ ಹೋಗಿ ಮೂರು ಗಂಟೆ ಕೂತು ಬರುವ ವರದಿಗಾರನಿಗೆ, ಆ ವರದಿಯನ್ನು ಲಕ್ಷ ಜನ ಓದಿದರೂ ಹತ್ತು ಸಾವಿರ ಜನ ಓದಿದರೂ ಒಂದೇ ಸಂಬಳ.

ದುಡ್ಡು ಕೊಡುತ್ತಿದ್ದವರು ಯಾರು

ಅಮೆರಿಕದಂಥ ಮಾರುಕಟ್ಟೆಗಳಲ್ಲಿ ಪತ್ರಿಕೆಯ ಆದಾಯದ ಸುಮಾರು ಶೇ 80 ಜಾಹೀರಾತಿನಿಂದಲೇ ಬರುತ್ತಿತ್ತು. ಓದುಗ ಕೊಡುತ್ತಿದ್ದ ದುಡ್ಡು ಬಹುಮಟ್ಟಿಗೆ ಕಾಗದಕ್ಕೂ ಸಾಗಣೆಗೂ ಸರಿಹೋಗುತ್ತಿತ್ತು, ಕೆಲವೆಡೆ ಅದಕ್ಕೂ ಸಾಲುತ್ತಿರಲಿಲ್ಲ. ಜಾಹೀರಾತಿನಲ್ಲೂ ಎಲ್ಲವೂ ಒಂದೇ ಬಗೆಯದಲ್ಲ. ದೊಡ್ಡ ಕಂಪನಿಗಳ ಪುಟಗಟ್ಟಲೆ ಜಾಹೀರಾತು, ಒಳಗೆ ಸೇರಿಸಿ ಕೊಡುವ ಮಳಿಗೆಗಳ ಕರಪತ್ರ, ಕಾನೂನಿನ ಪ್ರಕಾರ ಹಾಕಲೇಬೇಕಾದ ಪ್ರಕಟಣೆ, ಮತ್ತು ಸಣ್ಣಕ್ಷರದ ವರ್ಗೀಕೃತ ಜಾಹೀರಾತು ಅಥವಾ ಕ್ಲಾಸಿಫೈಡ್.

ಈ ನಾಲ್ಕರಲ್ಲಿ ನೋಡಲು ಬಡಕಲಾಗಿದ್ದ ಕ್ಲಾಸಿಫೈಡೇ ಮನೆ ನಡೆಸುತ್ತಿದ್ದದ್ದು. ಕೆಲಸ ಖಾಲಿ ಇದೆ, ಮನೆ ಬಾಡಿಗೆಗಿದೆ, ಹಳೆಯ ಕಾರು ಮಾರಾಟಕ್ಕಿದೆ ಎಂಬ ಮೂರು ಸಾಲಿನ ತುಣುಕುಗಳು. ಇವುಗಳನ್ನು ತುಂಬಲು ವರದಿಗಾರ ಬೇಡ, ಛಾಯಾಗ್ರಾಹಕ ಬೇಡ. ಬರೆಯುವವನೂ ಗ್ರಾಹಕ, ದುಡ್ಡು ಕೊಡುವವನೂ ಗ್ರಾಹಕ. ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ಪತ್ರಿಕೆಗೆ ಇದಕ್ಕಿಂತ ಲಾಭದ ಜಾಗ ಮತ್ತೊಂದಿರಲಿಲ್ಲ. ಅಮೆರಿಕದಲ್ಲಿ 2000ದಲ್ಲಿ ಕ್ಲಾಸಿಫೈಡಿನಿಂದ ಬಂದದ್ದು ಸುಮಾರು 1,960 ಕೋಟಿ ಡಾಲರ್, ಜಾಹೀರಾತು ಆದಾಯದ ಹತ್ತಿರ ಹತ್ತಿರ ಶೇ 40. ಹತ್ತು ವರ್ಷದಲ್ಲಿ ಅದರ ಮೂರನೇ ಒಂದು ಪಾಲೂ ಉಳಿಯಲಿಲ್ಲ.

ಕ್ರೇಗ್ ನ್ಯೂಮಾರ್ಕ್ 1995ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗೆಳೆಯರಿಗೆ ಕಳಿಸುತ್ತಿದ್ದ ಇಮೇಲ್ ಪಟ್ಟಿ ಮುಂದೆ ಕ್ರೇಗ್ಸ್‌ಲಿಸ್ಟ್ ಆಗಿ, 2000ದ ನಂತರ ಊರಿಂದೂರಿಗೆ ಹರಡಿತು. ಬಹುಪಾಲು ಜಾಹೀರಾತು ಅಲ್ಲಿ ಪುಕ್ಕಟೆ. ಆದರೆ ಪುಕ್ಕಟೆ ಎಂಬುದಷ್ಟೇ ಕಾರಣವಲ್ಲ. ಅಚ್ಚಿನ ಕ್ಲಾಸಿಫೈಡಿನಲ್ಲಿ ಹುಡುಕಲು ಸಾಧ್ಯವಿಲ್ಲ, ಚಿತ್ರ ಹಾಕಲು ಜಾಗವಿಲ್ಲ, ಮನೆ ಬಾಡಿಗೆಗೆ ಹೋದ ಮೇಲೂ ಮೂರು ದಿನ ಕರೆ ಬರುತ್ತಲೇ ಇರುತ್ತದೆ. ಜಾಲತಾಣದಲ್ಲಿ ಎರಡು ಕೋಣೆ, ಇಷ್ಟರೊಳಗೆ ಬಾಡಿಗೆ, ಇಂಥ ಬಡಾವಣೆ ಎಂದು ಸೋಸಬಹುದು. ಕೆಲಸ ಮುಗಿದ ಕೂಡಲೇ ಅಳಿಸಬಹುದು. ಸುದ್ದಿಯ ವಿಷಯದಲ್ಲಿ ಪರದೆ ಒಳ್ಳೆಯದೋ ಕಾಗದ ಒಳ್ಳೆಯದೋ ಎಂದು ವಾದಿಸಬಹುದು. ಬಾಡಿಗೆ ಮನೆ ಹುಡುಕುವವನಿಗೆ ಆ ವಾದವೇ ಇಲ್ಲ.

ಪತ್ರಿಕೆಗಳು ತಾವೇ ಇಂಥ ತಾಣ ಕಟ್ಟಬಹುದಿತ್ತಲ್ಲ ಎಂಬ ಪ್ರಶ್ನೆ ಏಳುತ್ತದೆ. ಕೆಲವು ಕಟ್ಟಿದವು ಕೂಡ; ನಾರ್ವೆಯ ಶಿಬ್‌ಸ್ಟೆಡ್ ಸಮೂಹದ ಫಿನ್ ತಾಣ 2000ದಲ್ಲೇ ಶುರುವಾಗಿ ಆ ದೇಶದ ಕ್ಲಾಸಿಫೈಡ್ ಮಾರುಕಟ್ಟೆಯನ್ನೇ ಹಿಡಿದಿಟ್ಟುಕೊಂಡಿತು. ಹೆಚ್ಚಿನವು ಹಿಂಜರಿದದ್ದಕ್ಕೆ ಕಾರಣ ಮೂರ್ಖತನವಲ್ಲ. ಶೇ 20–30ರ ಲಾಭ ತರುತ್ತಿದ್ದ ಪುಟವನ್ನು ಕೈಯಾರೆ ಪುಕ್ಕಟೆ ಮಾಡಿ ಎಂದು ಯಾವ ವ್ಯವಸ್ಥಾಪಕನೂ ಆಡಳಿತ ಮಂಡಳಿಗೆ ಹೇಳಲಾರ.

ಪರದೆಯ ಜಾಹೀರಾತು ಏಕೆ ಅಗ್ಗ

ಅಚ್ಚಿನ ಪತ್ರಿಕೆಯಲ್ಲಿ ಜಾಗಕ್ಕೆ ಮಿತಿಯಿದೆ. ಮುಖಪುಟ ಒಂದೇ, ಹಬ್ಬದ ಹಿಂದಿನ ದಿನವೂ ಒಂದೇ. ಊರಿನ ಓದುಗರನ್ನು ಬೆಳಗ್ಗೆ ತಲುಪಲು ಬೇರೆ ದಾರಿಯಿಲ್ಲದಾಗ ಪತ್ರಿಕೆ ಹೇಳಿದ್ದೇ ದರ. ಜಾಲದಲ್ಲಿ ಪುಟಗಳಿಗೆ ಕೊನೆಯಿಲ್ಲ; ಯಾರೋ ಒಬ್ಬರು ಇನ್ನೊಂದು ಪುಟ ತೆರೆದಾಗಲೆಲ್ಲ ಇನ್ನೊಂದು ಜಾಹೀರಾತಿನ ಜಾಗ ಹುಟ್ಟುತ್ತದೆ. ಸರಕು ಹೆಚ್ಚಾದರೆ ದರ ಬೀಳುತ್ತದೆ.

ದರ ಬೀಳಿಸಿದ ಇನ್ನೊಂದು ಸಂಗತಿ ಹರಾಜಿನ ವ್ಯವಸ್ಥೆ. ನೀವು ಸುದ್ದಿ ಪುಟ ತೆರೆದಾಗ, ಆ ಪುಟದಲ್ಲಿ ಖಾಲಿ ಜಾಗವಿದೆ, ನೋಡುತ್ತಿರುವವರು ಇಂಥವರು ಎಂಬ ಕೋರಿಕೆ ಪತ್ರಿಕೆಯ ಸರ್ವರ್‌ನಿಂದ ಜಾಹೀರಾತು ವಿನಿಮಯ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿಂದ ಹಲವು ಖರೀದಿ ತಂತ್ರಾಂಶಗಳಿಗೆ ಹಂಚಿಕೆಯಾಗಿ, ಅವು ತಮ್ಮ ಜಾಹೀರಾತುದಾರರ ಪರವಾಗಿ ಬೆಲೆ ಕೂಗಿ, ಗೆದ್ದವರ ಚಿತ್ರ ನಿಮ್ಮ ಪರದೆಗೆ ಬರುತ್ತದೆ. ಇಷ್ಟೆಲ್ಲ ನಡೆಯುವುದು ಸುಮಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. ನಡುವೆ ನಿಂತ ಪ್ರತಿಯೊಬ್ಬರೂ ತಮ್ಮ ಪಾಲು ಕತ್ತರಿಸಿಕೊಳ್ಳುತ್ತಾರೆ. ಬ್ರಿಟನ್ನಿನ ಜಾಹೀರಾತುದಾರರ ಸಂಘ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಾಹೀರಾತುದಾರ ಕೊಟ್ಟ ದುಡ್ಡಿನಲ್ಲಿ ಪ್ರಕಾಶಕರಿಗೆ ತಲುಪಿದ್ದು ಶೇ 51 ಮಾತ್ರ. ಶೇ 15 ಎಲ್ಲಿಗೆ ಹೋಯಿತೆಂದು ಲೆಕ್ಕಪರಿಶೋಧಕರಿಗೂ ಪತ್ತೆಯಾಗಲಿಲ್ಲ.

ಇದಕ್ಕಿಂತ ಆಳದ ಏಟು ಬೇರೆ. ಮೊದಲು ಜಾಹೀರಾತುದಾರ ‘ಈ ಪತ್ರಿಕೆಯ ಓದುಗ’ನನ್ನು ಕೊಳ್ಳುತ್ತಿದ್ದ, ಹಾಗಾಗಿ ಪತ್ರಿಕೆಗೇ ದುಡ್ಡು ಕೊಡಬೇಕಿತ್ತು. ಬ್ರೌಸರಿನಲ್ಲಿ ಉಳಿಯುವ ಗುರುತಿನ ತುಣುಕುಗಳಾದ ಕುಕಿಗಳ ಮೂಲಕ ಓದುಗನನ್ನು ಗುರುತು ಹಿಡಿಯಲು ಬಂದ ಮೇಲೆ, ಗಂಭೀರ ಪತ್ರಿಕೆಯಲ್ಲಿ ಕಂಡ ಅದೇ ವ್ಯಕ್ತಿಯನ್ನು ಅರ್ಧ ಗಂಟೆಯ ನಂತರ ಯಾವುದೋ ಆಟದ ತಾಣದಲ್ಲಿ ಕಾಸಿಗೆ ಕೊಳ್ಳಬಹುದಾಯಿತು. ಓದುಗರನ್ನು ಒಟ್ಟುಗೂಡಿಸಲು ಖರ್ಚು ಮಾಡಿದ್ದು ಪತ್ರಿಕೆ, ದುಡ್ಡು ಹೋದದ್ದು ಇನ್ನೊಬ್ಬರಿಗೆ. ಇದರ ಜೊತೆಗೆ ಕಂಪನಿಗಳು ತಮ್ಮ ಹೆಸರು ಕೆಡಬಾರದೆಂದು ‘ಸಾವು’, ‘ಯುದ್ಧ’, ‘ಕೊರೊನಾ’ ಮುಂತಾದ ಪದಗಳಿರುವ ಪುಟದಲ್ಲಿ ತಮ್ಮ ಜಾಹೀರಾತು ಬೇಡವೆಂದು ತಡೆಪಟ್ಟಿ ಹಾಕುತ್ತವೆ. 2020ರಲ್ಲಿ ಸುದ್ದಿ ತಾಣಗಳಿಗೆ ಓದುಗರು ನುಗ್ಗಿ ಬಂದರೂ ಆದಾಯ ಬರದೆ ಹೋದದ್ದಕ್ಕೆ ಇದೂ ಒಂದು ಕಾರಣ.

ಸುಳಿ

ಆದಾಯ ಇಳಿಯಿತು, ಸ್ಥಿರ ಖರ್ಚು ಹಾಗೆಯೇ ಇದೆ. ಮುಂದಿನದು ಎಲ್ಲ ಕಡೆ ಬಹುತೇಕ ಒಂದೇ ಕ್ರಮದಲ್ಲಿ ನಡೆಯುತ್ತದೆ. ಮೊದಲು ಪುಟ ಕಡಿತ, ಏಕೆಂದರೆ ಕಾಗದದ ಉಳಿತಾಯ ಅಂದೇ ಕಾಣುತ್ತದೆ. ಆಮೇಲೆ ಪುರವಣಿಗಳು. ಆಮೇಲೆ ಜಿಲ್ಲಾ ವರದಿಗಾರರು, ಕರಡು ತಿದ್ದುವವರು. ಅಮೆರಿಕದ ಪತ್ರಿಕೆಗಳ ಸುದ್ದಿಮನೆಗಳಲ್ಲಿ 2008ರಲ್ಲಿ ಸುಮಾರು 71 ಸಾವಿರ ಮಂದಿ ಇದ್ದರು. 2020ರಲ್ಲಿ 31 ಸಾವಿರ. ನಂತರ ಚಂದಾ ಏರಿಕೆ. ಕಡಿಮೆ ಕೊಟ್ಟು ಹೆಚ್ಚು ಕೇಳಿದಾಗ ಓದುಗ ಹೋಗುತ್ತಾನೆ, ಪ್ರಸಾರ ಇಳಿದದ್ದರಿಂದ ಜಾಹೀರಾತಿನ ದರ ಮತ್ತೆ ಇಳಿಯುತ್ತದೆ. ಸ್ವೀಡನ್ನಿನ ಮಾಧ್ಯಮ ಸಂಶೋಧಕ ಲಾರ್ಸ್ ಫುರ್ಹೊಫ್ ಇದನ್ನು ‘ಪ್ರಸಾರದ ಸುಳಿ’ ಎಂದು ವಿವರಿಸಿದ್ದು 1973ರಲ್ಲಿ, ಅಂತರಜಾಲದ ಸುಳಿವೇ ಇಲ್ಲದ ಕಾಲದಲ್ಲಿ. ಒಂದೇ ಊರಿನಲ್ಲಿ ಎರಡು ಪತ್ರಿಕೆಗಳಿದ್ದರೆ ಜಾಹೀರಾತುದಾರ ದೊಡ್ಡದನ್ನು ಹಿಡಿಯುತ್ತಾನೆ. ಎರಡನೆಯದು ಓದುಗರಲ್ಲಿ ಸ್ವಲ್ಪವೇ ಹಿಂದಿದ್ದರೂ ಆದಾಯದಲ್ಲಿ ಬಹಳ ಹಿಂದೆ ಬೀಳುತ್ತದೆ. ಅಂತರಜಾಲ ಬಂದು ಆ ಹಳೆಯ ಸುಳಿಗೆ ವೇಗ ಕೊಟ್ಟಿತು. ಅಮೆರಿಕದ ಡೆನ್ವರಿನಲ್ಲಿ 1859ರಿಂದ ನಡೆದುಬಂದ ರಾಕಿ ಮೌಂಟನ್ ನ್ಯೂಸ್ 2009ರ ಫೆಬ್ರುವರಿ 27ರಂದು ಕೊನೆಯ ಸಂಚಿಕೆ ತಂದಾಗ, ಆ ಊರಿನಲ್ಲಿ ಉಳಿದದ್ದು ಒಂದೇ ದೊಡ್ಡ ದಿನಪತ್ರಿಕೆ.

ಸಾಲವೂ ಸೇರಿದಾಗ ಸುಳಿ ಬೇಗ ಎಳೆಯುತ್ತದೆ. ಲಾಭದ ತುದಿಯಲ್ಲಿ, 2006ರಲ್ಲಿ, ಅಮೆರಿಕದ ಮೆಕ್ಲಾಚಿ ಪತ್ರಿಕಾ ಕಂಪನಿ ತನಗಿಂತ ದೊಡ್ಡದಾಗಿದ್ದ ನೈಟ್ ರಿಡ್ಡರ್ ಸಮೂಹವನ್ನು ಸಾಲ ಮಾಡಿ ಕೊಂಡಿತು. 2020ರಲ್ಲಿ ದಿವಾಳಿ ಅರ್ಜಿ ಹಾಕಿತು. ಟ್ರಿಬ್ಯೂನ್ ಕಂಪನಿಯನ್ನು 2007ರಲ್ಲಿ ಇದೇ ರೀತಿ ಕೊಳ್ಳಲಾಯಿತು, ದಿವಾಳಿ ಅರ್ಜಿ ಮರುವರ್ಷವೇ. ಪತ್ರಿಕೆಗಳು ಲಾಭದಲ್ಲಿದ್ದೂ ಬಡ್ಡಿ ಕಟ್ಟಲಾಗದೆ ವರದಿಗಾರರನ್ನು ಕಳಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಇದನ್ನೆಲ್ಲ ‘ಡಿಜಿಟಲ್ ಯುಗ’ದ ತಲೆಗೆ ಕಟ್ಟುವುದು ಸರಿಯಲ್ಲ.

ಹೊರಗಿನವರ ಕಣ್ಣಿಗೆ ಬೀಳದ ಇನ್ನೊಂದು ಕೊಂಡಿ ಡೆಡ್‌ಲೈನ್. ಖರ್ಚು ಉಳಿಸಲು ಊರಿನ ಮುದ್ರಣಾಲಯ ಮುಚ್ಚಿ, 300 ಕಿ.ಮೀ. ದೂರದಲ್ಲಿ ಅಚ್ಚು ಮಾಡಿಸಲು ಕೊಟ್ಟರು ಎಂದುಕೊಳ್ಳಿ. ಬೆಳಗಿನ 4ಕ್ಕೆ ಕಟ್ಟುಗಳು ಊರಿಗೆ ಬರಬೇಕಾದರೆ, ಗಂಟೆಗೆ 60 ಕಿ.ಮೀ.ಯಂತೆ ಲಾರಿ ರಾತ್ರಿ 11ಕ್ಕೆ ಹೊರಡಬೇಕು. ಅಚ್ಚು ಮತ್ತು ಕಟ್ಟು ಕಟ್ಟಲು ಒಂದೂವರೆ ಗಂಟೆ, ಪ್ಲೇಟಿಗೆ ಅರ್ಧ ಗಂಟೆ ಹಿಡಿದರೆ ಕೊನೆಯ ಪುಟ 9ಕ್ಕೆ ಮುಗಿಯಬೇಕು. ಮೊದಲು ಅದು ನಡುರಾತ್ರಿ ದಾಟಿಯೂ ತೆರೆದಿರುತ್ತಿತ್ತು. ಈಗ ರಾತ್ರಿ ಪಂದ್ಯದ ಫಲಿತಾಂಶ ಇಲ್ಲ, ತಡವಾಗಿ ಮುಗಿದ ಸಭೆಯ ನಿರ್ಣಯ ಇಲ್ಲ, ಮತ ಎಣಿಕೆಯ ಅಂತಿಮ ಅಂಕಿ ಇಲ್ಲ. ಓದುಗ ಮಲಗುವ ಮುನ್ನ ಫೋನಿನಲ್ಲಿ ನೋಡಿದ್ದು ಬೆಳಗಿನ ಪತ್ರಿಕೆಯಲ್ಲಿ ‘ನಡೆಯುತ್ತಿದೆ’ ಎಂದೇ ಇರುತ್ತದೆ. ಖರ್ಚು ಉಳಿಸಲು ಹೋಗಿ ಪತ್ರಿಕೆ ಹಳಸಿದ್ದು ಹೀಗೆ.

ಎಲ್ಲ ದೇಶಗಳಲ್ಲೂ ಈ ಇಳಿತ ಒಂದೇ ವೇಗದ್ದಲ್ಲ. ಆದಾಯ ಎಲ್ಲಿಂದ ಬರುತ್ತದೆ, ಮನೆಗೆ ತಲುಪಿಸುವವರು ಯಾರು ಎಂಬುದರ ಮೇಲೆ ಅದು ನಿಂತಿದೆ. ಜಪಾನಿನಲ್ಲಿ ಚಂದಾ ಆದಾಯದ ಪಾಲು ದೊಡ್ಡದು, ಪತ್ರಿಕೆಗಳೊಂದಿಗೆ ಒಪ್ಪಂದವಿರುವ ವಿತರಣಾ ಅಂಗಡಿಗಳ ಜಾಲ ಮನೆ ಮನೆಗೂ ಹಾಕುತ್ತದೆ. ಯೊಮಿಯುರಿ ಶಿಂಬುನ್ 1 ಕೋಟಿಗೂ ಹೆಚ್ಚು ಪ್ರತಿ ಮಾರುತ್ತಿತ್ತು. ಅಲ್ಲಿಯೂ ಒಟ್ಟು ಪ್ರಸಾರ 1997ರ ಸುಮಾರು 5.4 ಕೋಟಿಯಿಂದ 2023ರಲ್ಲಿ 2.9 ಕೋಟಿಯ ಒಳಗೆ ಬಂತು; ಇಳಿದದ್ದು ನಿಧಾನವಾಗಿ, ಓದುಗರ ವಯಸ್ಸಿನ ಜೊತೆಗೆ. ಭಾರತದಲ್ಲಿ ಇದೇ ಅವಧಿಯಲ್ಲಿ ಉಲ್ಟಾ ನಡೆಯಿತು: ಪ್ರಸಾರ ಲೆಕ್ಕಪರಿಶೋಧನಾ ಸಂಸ್ಥೆ ಎಬಿಸಿಯ ಪ್ರಕಾರ ದಿನದ ಸರಾಸರಿ ಪ್ರತಿಗಳು 2006ರ 3.91 ಕೋಟಿಯಿಂದ 2016ರಲ್ಲಿ 6.28 ಕೋಟಿಗೆ ಏರಿದವು. ಹೊಸದಾಗಿ ಓದು ಕಲಿತವರು, ಭಾಷಾ ಪತ್ರಿಕೆಗಳ ಜಿಲ್ಲಾ ಆವೃತ್ತಿಗಳು, ಅಗ್ಗದ ಮನೆ ವಿತರಣೆ ಇವು ಅದಕ್ಕೆ ಕಾರಣ. ಆದರೆ ಖರ್ಚಿನ ಬಹುಭಾಗವನ್ನು ಜಾಹೀರಾತಿನ ಮೇಲೆ ಹೊರಿಸಿದ ಪತ್ರಿಕೆಗೆ, ಅದು ಯಾವ ದೇಶದ್ದಾದರೂ, ಏಟು ಬಿದ್ದಾಗ ಬೀಳುವ ಜಾಗ ಒಂದೇ.

ಚಂದಾ ಗೋಡೆ

ಜಾಹೀರಾತು ಕೈಕೊಟ್ಟ ಮೇಲೆ ಉಳಿದದ್ದು ಓದುಗನ ಜೇಬು. ಅಮೆರಿಕದಲ್ಲಿ 2020ರಲ್ಲಿ ಮೊದಲ ಸಲ ಪ್ರಸರಣದ ಆದಾಯ ಜಾಹೀರಾತಿನದನ್ನು ಮೀರಿತು. ಚಂದಾ ಏನೂ ಚಿಗುರಿರಲಿಲ್ಲ, ಜಾಹೀರಾತು ಅಷ್ಟು ಕುಸಿದಿತ್ತು.

ಡಿಜಿಟಲ್ ಚಂದಾದಲ್ಲಿ ಮೂರು ಬಗೆ. ದುಡ್ಡಿಲ್ಲದೆ ಏನೂ ಓದಲಾಗದ ಗಟ್ಟಿ ಗೋಡೆ, ಲಂಡನ್ನಿನ ಟೈಮ್ಸ್ 2010ರಲ್ಲಿ ಹಾಕಿದಂಥದ್ದು. ತಿಂಗಳಿಗೆ ಇಷ್ಟು ಲೇಖನ ಪುಕ್ಕಟೆ, ಆಮೇಲೆ ಚಂದಾ ಎಂಬ ಮೀಟರ್ ಪದ್ಧತಿ; ನ್ಯೂಯಾರ್ಕ್ ಟೈಮ್ಸ್ 2011ರ ಮಾರ್ಚಿನಲ್ಲಿ 20 ಲೇಖನಗಳೊಂದಿಗೆ ಶುರು ಮಾಡಿ ಮರುವರ್ಷ 10ಕ್ಕಿಳಿಸಿತು. ಮೂರನೆಯದು, ದಿನದ ಸುದ್ದಿ ಪುಕ್ಕಟೆ ಇಟ್ಟು, ವಿಶೇಷ ಬರಹಗಳಿಗೆ ಮಾತ್ರ ಬೀಗ ಹಾಕುವುದು. ಗಟ್ಟಿ ಗೋಡೆಯಿಂದ ಭೇಟಿಗಳು ಒಮ್ಮೆಗೇ ಬೀಳುತ್ತವೆ, ಅದರೊಂದಿಗೆ ಜಾಹೀರಾತೂ. ಮೀಟರನ್ನು ಬ್ರೌಸರಿನ ಖಾಸಗಿ ಕಿಟಕಿ ತೆರೆದು ದಾಟುತ್ತಾರೆ. ಮೂರನೆಯದರಲ್ಲಿ ಯಾವುದಕ್ಕೆ ಬೀಗ ಹಾಕಬೇಕೆಂದು ಸುದ್ದಿಮನೆಯಲ್ಲಿ ದಿನಾ ಜಗಳ: ಹೆಚ್ಚು ಓದಿಸಿಕೊಳ್ಳುವ ಬರಹಕ್ಕೆ ಬೀಗ ಹಾಕಿದರೆ ಹೊಸಬರು ಬರುವುದಿಲ್ಲ, ಹಾಕದಿದ್ದರೆ ಚಂದಾ ಬರುವುದಿಲ್ಲ.

ಗೋಡೆ ಕಟ್ಟುವುದಕ್ಕಿಂತ ಚಂದಾದಾರನನ್ನು ಉಳಿಸಿಕೊಳ್ಳುವುದು ಕಷ್ಟ. ಬಿಟ್ಟು ಹೋಗುವವರಲ್ಲಿ ಒಂದು ದೊಡ್ಡ ಪಾಲು ಬೇಕೆಂದು ಬಿಟ್ಟವರಲ್ಲ. ಕಾರ್ಡಿನ ಅವಧಿ ಮುಗಿದು ಪಾವತಿ ಆಗದೆ ಹೋದವರು. ಅವಧಿ ಮುಗಿಯುವ ಮೊದಲೇ ನೆನಪಿಸುವುದು, ಪಾವತಿ ವಿಫಲವಾದರೆ ಸಂಬಳ ಬೀಳುವ ದಿನಗಳಲ್ಲಿ ಮತ್ತೆ ಯತ್ನಿಸುವುದು ಇಂಥ ನೀರಸ ಕೆಲಸ, ಹೊಸ ವಿನ್ಯಾಸದ ಆ್ಯಪ್‌ಗಿಂತ ಹೆಚ್ಚು ದುಡ್ಡು ಉಳಿಸುತ್ತದೆ. ಇನ್ನೊಂದು ಗುಂಪು ಮೊದಲ ಮೂರು ತಿಂಗಳ ರಿಯಾಯಿತಿಗೆ ಬಂದು, ಪೂರ್ಣ ದರ ಶುರುವಾದ ತಿಂಗಳೇ ಹೋಗುವವರದು.

ಮೂಲ ತೊಡಕು ಬೇರೆಯೇ ಇದೆ. ಅಚ್ಚಿನ ಕಾಲದಲ್ಲಿ ಸಾಗಣೆಯ ದೂರವೇ ಪ್ರತಿ ಊರಿನ ಪತ್ರಿಕೆಗೆ ಕಾವಲಾಗಿತ್ತು. ಪರದೆಯ ಮೇಲೆ ಊರಿನ ಪತ್ರಿಕೆಯೂ ರಾಜಧಾನಿಯ ಪತ್ರಿಕೆಯೂ ಬೆರಳಿಗೆ ಸಮಾನ ದೂರ. ಶ್ರೀಮಂತ ದೇಶಗಳಲ್ಲೂ ಆನ್‌ಲೈನ್ ಸುದ್ದಿಗೆ ದುಡ್ಡು ಕೊಡುವವರು ಶೇ 17–18ರ ಆಸುಪಾಸಿನಲ್ಲೇ ನಿಂತಿದ್ದಾರೆ, ಅವರಲ್ಲೂ ಬಹುಪಾಲು ಮಂದಿಯದು ಒಂದೇ ಚಂದಾ. ಆ ಒಂದು ದೊಡ್ಡದಕ್ಕೇ ಹೋಗುತ್ತದೆ. ನ್ಯೂಯಾರ್ಕ್ ಟೈಮ್ಸ್ 1 ಕೋಟಿ ಚಂದಾದಾರರನ್ನು ದಾಟಿತು; ಅದರಲ್ಲಿ ಆಟ, ಅಡುಗೆಯ ಆ್ಯಪ್‌ಗಳ ಪಾಲು ಸಣ್ಣದಲ್ಲ. ಆ ಯಶಸ್ಸನ್ನು 30 ಸಾವಿರ ಪ್ರತಿಯ ಪತ್ರಿಕೆಗೆ ಮಾದರಿಯೆಂದು ತೋರಿಸುವ ಸಲಹೆಗಾರರನ್ನು ನಂಬಬಾರದು.

ಗೂಗಲ್, ಫೇಸ್‌ಬುಕ್‌ಗಳಿಂದ ಕಾನೂನಿನ ಮೂಲಕ ದುಡ್ಡು ಪಡೆಯುವ ದಾರಿಯನ್ನು ಆಸ್ಟ್ರೇಲಿಯ 2021ರಲ್ಲಿ ತೆರೆಯಿತು, ಒಪ್ಪಂದಗಳೂ ಆದವು. 2024ರಲ್ಲಿ ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ ಅವನ್ನು ನವೀಕರಿಸುವುದಿಲ್ಲವೆಂದಿತು. ಕೆನಡಾ 2023ರಲ್ಲಿ ಅಂಥದೇ ಕಾಯ್ದೆ ತಂದಾಗ ಮೆಟಾ ಅಲ್ಲಿ ಸುದ್ದಿಯನ್ನೇ ತೆಗೆದುಹಾಕಿತು; ಗೂಗಲ್ ವರ್ಷಕ್ಕೆ 10 ಕೋಟಿ ಕೆನಡಿಯನ್ ಡಾಲರ್ ಕೊಡಲು ಒಪ್ಪಿತು.

ಅಚ್ಚು ನಿಲ್ಲಿಸುವ ದಿನ

ಅಚ್ಚು ನಿಲ್ಲಿಸುವುದು ಸಾಮಾನ್ಯವಾಗಿ ಒಂದೇ ಸಲಕ್ಕಲ್ಲ. ಜಾಹೀರಾತು ಕಡಿಮೆಯಿರುವ ವಾರದ ದಿನಗಳು ಮೊದಲು ಹೋಗುತ್ತವೆ, ವಾರಾಂತ್ಯದ್ದು ಕೊನೆಗೆ. ಕೆಲವೆಡೆ ಮನೆಗೆ ಹಾಕುವುದನ್ನು ಬಿಟ್ಟು ಅಂಚೆಗೆ ಕೊಡುತ್ತಾರೆ. ಪತ್ರಿಕೆ ಮಧ್ಯಾಹ್ನ ಬರುತ್ತದೆ, ಭಾನುವಾರ ಬರುವುದಿಲ್ಲ. ನ್ಯೂ ಆರ್ಲಿಯನ್ಸಿನ ಟೈಮ್ಸ್-ಪಿಕಯೂನ್ 2012ರಲ್ಲಿ ವಾರಕ್ಕೆ ಮೂರೇ ದಿನ ಎಂದಾಗ, ಪಕ್ಕದ ಬ್ಯಾಟನ್ ರೂಜ್‌ನ ಅಡ್ವೊಕೇಟ್ ಪತ್ರಿಕೆ ಖಾಲಿ ಬಿದ್ದ ದಿನಗಳಿಗೆ ನುಗ್ಗಿತು. 2019ರಲ್ಲಿ ಅಡ್ವೊಕೇಟ್‌ನ ಮಾಲೀಕರೇ ಟೈಮ್ಸ್-ಪಿಕಯೂನನ್ನು ಕೊಂಡುಕೊಂಡರು.

ಯೋಜನೆ ಹಾಕಿ ದಾಟಿದವರೂ ಇದ್ದಾರೆ. ಮಾಂಟ್ರಿಯಲ್‌ನ ಲಾ ಪ್ರೆಸ್ 2013ರಲ್ಲಿ ಟ್ಯಾಬ್ಲೆಟ್ ಆವೃತ್ತಿ ತಂದು, ಓದುಗರೂ ಜಾಹೀರಾತುದಾರರೂ ಅತ್ತ ಸರಿದ ಮೇಲೆ 2016ರಿಂದ ವಾರದ ದಿನಗಳ ಅಚ್ಚು ನಿಲ್ಲಿಸಿತು, 2017ರ ಕೊನೆಗೆ ಶನಿವಾರದ್ದನ್ನೂ. ಜರ್ಮನಿಯ ಟಾಜ್ ಪತ್ರಿಕೆ 2025ರ ಅಕ್ಟೋಬರಿನಲ್ಲಿ ವಾರದ ದಿನಗಳ ಅಚ್ಚು ಬಿಟ್ಟು ವಾರಾಂತ್ಯದ ಸಂಚಿಕೆಯನ್ನು ಉಳಿಸಿಕೊಂಡಿತು.

ದಾಟಿದ ಮೇಲೆ ಕಳೆದುಹೋಗುವುದು ಗಮನ. ಬ್ರಿಟನ್ನಿನ ಇಂಡಿಪೆಂಡೆಂಟ್ 2016ರ ಮಾರ್ಚಿನಲ್ಲಿ ಅಚ್ಚು ನಿಲ್ಲಿಸಿದ ಮೇಲೆ ಲಾಭಕ್ಕೆ ಬಂತು, ಅದು ನಿಜ. ಆದರೆ ಬ್ರಿಟಿಷ್ ಓದುಗರು ಅದರೊಂದಿಗೆ ಕಳೆಯುತ್ತಿದ್ದ ಒಟ್ಟು ಸಮಯ ಶೇ 81ರಷ್ಟು ಇಳಿಯಿತೆಂದು ಸಂಶೋಧಕರಾದ ನೀಲ್ ಥರ್ಮನ್ ಮತ್ತು ರಿಚರ್ಡ್ ಫ್ಲೆಚರ್ ಲೆಕ್ಕ ಹಾಕಿದರು. ಅಚ್ಚಿನ ಪ್ರತಿ ಕೊಳ್ಳುತ್ತಿದ್ದವರು ತಾಣಕ್ಕೆ ಹೋಗಿ ಅದೇ ಅರ್ಧ ಗಂಟೆ ಕೂರಲಿಲ್ಲ.

ಊರಿನ ಮೇಲಾಗುವ ಪರಿಣಾಮವನ್ನೂ ಅಳೆದವರಿದ್ದಾರೆ. ಅಮೆರಿಕದಲ್ಲಿ 2005ರಿಂದೀಚೆಗೆ ಮೂರನೇ ಒಂದಕ್ಕಿಂತ ಹೆಚ್ಚು ಪತ್ರಿಕೆಗಳು ಮುಚ್ಚಿವೆ. ಸ್ಥಳೀಯ ಪತ್ರಿಕೆ ಮುಚ್ಚಿದ ಕಡೆ ನಗರಾಡಳಿತಗಳು ಪಡೆಯುವ ಸಾಲದ ಬಡ್ಡಿ ಶೇಕಡಾ 0.05ರಿಂದ 0.11ರಷ್ಟು ಅಂಶ ಏರುತ್ತದೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಲೆಕ್ಕ ಕೇಳುವವರಿಲ್ಲದ ಊರಿಗೆ ಸಾಲ ಕೊಡುವವರು ಸ್ವಲ್ಪ ಹೆಚ್ಚು ಬಡ್ಡಿ ಕೇಳುತ್ತಾರೆ.

ಕಾನೂನಿನ ಪ್ರಕಟಣೆಗಳ ಆದಾಯ ಬಹಳ ಪತ್ರಿಕೆಗಳನ್ನು ಇನ್ನೂ ಹಿಡಿದು ನಿಲ್ಲಿಸಿದೆ; ಅದೂ ಒಂದು ತಿದ್ದುಪಡಿಯಷ್ಟೇ ದೂರದಲ್ಲಿರುವ ಆದಾಯ. ಆಸ್ಟ್ರಿಯದಲ್ಲಿ 1703ರಿಂದ ಪ್ರಕಟವಾಗುತ್ತಿದ್ದ ವೀನರ್ ಸೈಟುಂಗ್ ಪತ್ರಿಕೆ, ಕಂಪನಿಗಳು ಅದರಲ್ಲಿ ಪ್ರಕಟಣೆ ಕೊಡಲೇಬೇಕೆಂಬ ನಿಯಮ ರದ್ದಾದ ಮೇಲೆ 2023ರ ಜೂನ್ 30ರಂದು ದಿನದ ಅಚ್ಚನ್ನು ನಿಲ್ಲಿಸಿತು.

ಕೊನೆಗೆ ಅಚ್ಚಿನ ಹಣೆಬರಹ ಬರೆಯುವವರು ಓದುಗರೂ ಅಲ್ಲ, ಸಂಪಾದಕರೂ ಅಲ್ಲ ಎಂಬ ಸ್ಥಿತಿಯೂ ಬರಬಹುದು. ಕಾಗದದ ಗಿರಣಿಗಳು ನ್ಯೂಸ್‌ಪ್ರಿಂಟ್ ಯಂತ್ರಗಳನ್ನು ರಟ್ಟಿನ ಪೆಟ್ಟಿಗೆಯ ಕಾಗದಕ್ಕೆ ಬದಲಿಸಿಕೊಳ್ಳುತ್ತಿವೆ, ಆನ್‌ಲೈನ್ ಅಂಗಡಿಗಳಿಗೆ ಅದೇ ಬೇಕು. ಪೂರೈಸುವವರು ಕಡಿಮೆಯಾದಷ್ಟೂ ದರ ಜಿಗಿಯುವುದು ಸುಲಭ. 2018ರಲ್ಲಿ ಅಮೆರಿಕ ಕೆನಡಾದ ನ್ಯೂಸ್‌ಪ್ರಿಂಟ್ ಮೇಲೆ ಹಾಕಿದ ಸುಂಕ ಕೆಲವೇ ತಿಂಗಳಲ್ಲಿ ರದ್ದಾದರೂ, ಅಷ್ಟರಲ್ಲಿ ಸಣ್ಣ ಪತ್ರಿಕೆಗಳು ಪುಟ ಕಡಿತ ಮಾಡಿಯಾಗಿತ್ತು. ಮುದ್ರಣಾಲಯಗಳದ್ದೂ ಇದೇ ಪಾಡು. ಐದು ಪತ್ರಿಕೆಗಳು ಹಂಚಿಕೊಂಡ ಒಂದು ಯಂತ್ರದಿಂದ ದೊಡ್ಡದೊಂದು ಹೊರಬಿದ್ದರೆ, ಅದರ ಬಾಡಿಗೆ, ವಿದ್ಯುತ್ತು, ಪಾಳಿಯ ಸಂಬಳ ಎಲ್ಲ ಉಳಿದ ನಾಲ್ಕರ ತಲೆಗೆ. ಅವುಗಳಲ್ಲಿ ತೀರಾ ಸಣ್ಣದಕ್ಕೆ ಬರುವ ಹೊಸ ದರಪಟ್ಟಿಯೇ ಅದರ ಕೊನೆಯ ಸಂಚಿಕೆಯ ದಿನಾಂಕವನ್ನು ಗೊತ್ತು ಮಾಡುತ್ತದೆ. ಅದರ ಓದುಗರ ಸಂಖ್ಯೆಯಲ್ಲಿ ಆ ತಿಂಗಳು ಒಬ್ಬರೂ ಕಡಿಮೆಯಾಗಿರಬೇಕಿಲ್ಲ.